ಅರ್ಥಿಂಗಿಗೊಂದು ಕೊಡ ನೀರು

ಬದಲಿಯಾಗಿ ಮಿರಜ ಕಡೆಯ ಈ ಹಳ್ಳಿಗೆ ಬಂದ ಮೊದಲ ವಾರವೇ ನಾನು ಇಲೆಕ್ಟ್ರಿಶಿಯನ್ನನ್ನು ಕರೆಸಿದೆ. ಬಾಡಿಗೆ ಮನೆಯ ಗೇಟಿನ ಪಕ್ಕ, ಹೊರಗೋಡೆಗೆ, ಹದಿನಾರು ಆಂಪಿಯರಿನ ಸಾಕೆಟ್ಟು ಕೂರಿಸಬೇಕು, ಅದಕ್ಕೆಂದೇ, ಸೋರಿದ ಕರೆಂಟು ನೆಲಕ್ಕಿಳಿಯಲು, ಬೇರೆ ಅರ್ಥಿಂಗ್ ಗುಂಡಿ ತೆಗೆಯಬೇಕು ಎಂದೆ. ಅವನು ಅಂಗಳವನ್ನೆಲ್ಲ ಒಮ್ಮೆ ಕಣ್ಣಾಡಿಸಿ ನೋಡಿದ. ಅಲ್ಲಿದ್ದದ್ದು ನನ್ನ ಸೈಕಲ್ಲೊಂದೇ.

"ಬ್ಯಾಟ್ರಿ ಗಾಡಿ ಎಲ್ಲೈತ್ರಿ ಗುರೂಜಿ?"

"ನನ್ನ ಹತ್ರ ಇಲ್ಲಪಾ. ಪಾವ್ಣೇರ ಹತ್ರ ಐತಿ. ಅವರು ಬಂದಾಗ ಬೇಕಲ್ಲ?"

"ಪಾವ್ಣೇರು ಬರ್ತಾರಂದ್ರ ಮಂದಿ ಹಾಸಿಗಿ ತೊಳಸ್ತಾರ್ರಿ. ನೀವೊಬ್ಬರು ಅರ್ಥಿಂಗ್ ಹಾಕಸೋರು!" ಎಂದು ನಗುತ್ತ ಅವನು ಗುದ್ದಲಿ ತರಲು ಹೋದ.

ಆ ಪಾವ್ಣೇರು, ಅಂದರೆ ಬರಲಿದ್ದ ಅತಿಥಿ, ನನ್ನ ಹಿಂದಿನ ಊರು ಸಂಖದಲ್ಲಿ ಒಂಬತ್ತು ವರ್ಷ ನನ್ನ ಗೋಡೆಗೆ ಗೋಡೆ ಹಚ್ಚಿಕೊಂಡಿದ್ದ ನೆರೆಯವರು. ಮೂವತ್ತು ವರ್ಷ ಲೈಟಿನ ಕಂಬ ಹತ್ತಿ ಇಳಿದು ನಿವೃತ್ತರಾದವರು. ಅವರಿಗೊಂದು ಹೆಸರಿದೆ, ರೇಶನ್ ಕಾರ್ಡಿನಲ್ಲೂ ಇದೆ. ಆದರೆ ಊರಿಗೆಲ್ಲ ಅವರು ವಾಯರಮನ್ ಕಾಕಾ. ನಾನೂ ಹಾಗೆಯೇ ಬರೆಯುತ್ತೇನೆ. ಹೆಸರು ಹಿಡಿದು ಬರೆದರೆ ಯಾರಪ್ಪ ಇವರು ಎಂದು ನನಗೇ ಅನುಮಾನ ಬಂದೀತು.

ತೆಳ್ಳಗಿನ ಕುಳ್ಳ ಆಳು, ತಲೆಯ ಮೇಲೆ ಬಿಳಿ ಟೋಪಿ. ನಡೆಯುವಾಗ ದೃಷ್ಟಿ ಯಾವಾಗಲೂ ಮೇಲೆ, ತಂತಿಯ ಮೇಲೆ. ಹೀಗಾಗಿ ಸಂಖದ ಓಣಿಗಳಲ್ಲಿ ಅವರು ಎಡವದ ಕಲ್ಲಿಲ್ಲ. ದೂರವನ್ನು ಅವರು ಕಂಬದಲ್ಲೇ ಅಳೆಯುತ್ತಿದ್ದರು. "ಅವರ ಮನಿ ಭಾಳ ದೂರಿಲ್ರಿ, ಹದಿನಾಕು ಕಂಬ" ಎನ್ನುವರು. ಯಾರ ಮನೆಗೆ ಹೋದರೂ ಮೊದಲ ಪ್ರಶ್ನೆ "ವೋಲ್ಟೇಜ್ ಹ್ಯಾಂಗೈತಿ?" ಎಂದು. ಆರೋಗ್ಯ, ಮಕ್ಕಳು, ಮಳೆ ಎಲ್ಲ ಆಮೇಲೆ.

ಇನ್ನೊಂದು ಚಾಳಿ ಇತ್ತು. ಯಾವ ವಸ್ತುವನ್ನೇ ಆಗಲಿ, ಮೊದಲು ಕೈಯ ಹಿಂಬದಿಯಿಂದ ಮುಟ್ಟುವರು. ಅಂಗೈಯಿಂದ ಮುಟ್ಟಿದರೆ ಕರೆಂಟು ಮುಷ್ಟಿ ಬಿಗಿಸಿ ಹಿಡಿದುಬಿಡುತ್ತದಂತೆ. ಹಿಂಬದಿಯಿಂದ ಮುಟ್ಟಿದರೆ ಝಾಡಿಸಿ ಒಗೆಯುತ್ತದಂತೆ, ಜೀವ ಉಳಿಯುತ್ತದಂತೆ. ಕಂಬ ಬಿಟ್ಟು ಮನೆಗೆ ಬಂದರೂ ಆ ಕೈ ಮರೆಯಲಿಲ್ಲ. ಚಹಾದ ಕಪ್ಪು, ಹೊಸ ಅಂಗಿ, ಸಂತೆಯ ಬದನೆಕಾಯಿ, ಜ್ವರ ಬಂದ ನನ್ನ ಮಗಳ ಹಣೆ, ಎಲ್ಲಕ್ಕೂ ಮೊದಲು ಕೈಯ ಹಿಂಬದಿ. ನನ್ನ ಹೆಂಡತಿ ಹೋಳಿಗೆ ಕೊಟ್ಟಾಗಲೂ ಹಾಗೇ ಮುಟ್ಟಿದರು. "ಕಾಕಾ, ಅದರಾಗ ಕರೆಂಟ ಇಲ್ರಿ, ಬರೇ ಬೆಲ್ಲ ಐತಿ" ಎಂದು ಆಕೆ ಆಡಿಕೊಂಡು ನಕ್ಕದ್ದು ನನಗೆ ನೆನಪಿದೆ.

ನಿವೃತ್ತಿಯಾದ ವರ್ಷದ ದೀಪಾವಳಿಗೆ ಕಾಕಾ ಬ್ಯಾಟರಿ ಕಾರು ಕೊಳ್ಳಲು ಹೊರಟಾಗ ಊರು ಬಾಯಿಗೊಂದು ಮಾತಾಡಿತು. ಸಂಖದಂಥ ಊರಲ್ಲಿ, ಹೊಲದ ಕರೆಂಟು ಒಂದು ವಾರ ಹಗಲು, ಒಂದು ವಾರ ರಾತ್ರಿ ಬರುವ ಸೀಮೆಯಲ್ಲಿ, ಬ್ಯಾಟರಿ ಕಾರು! ಓದಲು ಬರೆಯಲು ಬರುತ್ತದೆಂದು ನನ್ನನ್ನೂ ಸಾಂಗ್ಲಿಯ ಶೋರೂಮಿಗೆ ಎಳೆದುಕೊಂಡು ಹೋದರು. ಅಲ್ಲಿಯವನು ಸ್ಪೀಡು, ಸ್ಕ್ರೀನು, ಹಾಡು ಎಂದು ಮರಾಠಿಯಲ್ಲಿ ಹೇಳುತ್ತಲೇ ಇದ್ದ. ಕಾಕಾ ಕಿವಿಗೊಡಲಿಲ್ಲ. ಕಾರಿನ ಹಿಂದೆ ಕುಕ್ಕರಗಾಲಲ್ಲಿ ಕುಳಿತು ಮೂಸಿದರು. ಬಾನೆಟ್ಟು ತೆಗೆಸಿ ಮೂಸಿದರು. ಕೊನೆಗೆ ಮುಂದಿನ ಸೀಟಿಗೆ ಮೂಗು ಹಚ್ಚಿದರು. ನನಗೆ ಎಲ್ಲಿ ಮುಖ ಮುಚ್ಚಿಕೊಳ್ಳಲಿ ಎನ್ನಿಸಿತು.

"ಏನು ಮಾಡಾಕತ್ತೀರಿ ಕಾಕಾ?"

"ವಾಸನಿ ಐತೇನ ನೋಡಾಕತ್ತೀನ್ರಿ ಮಾಸ್ತರ. ಡೀಸಲ್ ಇಲ್ಲ, ಪೆಟ್ರೋಲ್ ಇಲ್ಲ, ಹೊಗಿ ಇಲ್ಲ. ಪ್ಲಾಸ್ಟಿಕ್ಕಿನ ವಾಸನಿ ಅಷ್ಟ ಐತಿ. ಅದನ್ನ ಹಾರಸ್ತೀನಿ."

ನಮ್ಮ ಕಡೆ ಹೊಸ ಗಾಡಿಯ ಸೀಟಿನ ಪ್ಲಾಸ್ಟಿಕ್ಕು ತಾನಾಗಿ ಹರಿದು ಚಿಂದಿಯಾಗುವ ತನಕ ಯಾರೂ ತೆಗೆಯುವುದಿಲ್ಲ. ಕಾಕಾ ಶೋರೂಮಿನಲ್ಲಿಯೇ ಅದನ್ನು ಪರಪರ ಹರಿದು ಆ ಮನುಷ್ಯನ ಕೈಗೆ ಕೊಟ್ಟರು. ಊರಿಗೆ ಬರುವ ದಾರಿಯಲ್ಲಿ ನಾಲ್ಕೂ ಕಿಟಕಿ ಇಳಿಸಿ, ನನ್ನ ತಲೆಯನ್ನೆಲ್ಲ ಧೂಳು ಮಾಡಿ, ಕಾರಣ ಹೇಳಿದರು.

ಕಾರಣ ಅವರ ಅಕ್ಕ. ತಾಯಿ ಹೋದ ಮೇಲೆ ಇವರನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ ಅಕ್ಕ. ಆಕೆಯನ್ನು ಕೊಟ್ಟದ್ದು ಪಂಢರಪುರದ ಆಚೆ, ಭೀಮಾ ದಂಡೆಯ ಒಂದು ಹಳ್ಳಿಗೆ. ನಾಗರ ಪಂಚಮಿಗೆ ತಮ್ಮ ಹೋಗಿ ಅಕ್ಕನನ್ನು ತವರಿಗೆ ಕರೆತರಬೇಕು, ಆಕೆ ಜೋಕಾಲಿ ಆಡಬೇಕು, ಉಂಡಿ ತಿನ್ನಬೇಕು. ಇದು ನಮ್ಮಲ್ಲಿ ಯಾರೂ ಯಾರಿಗೂ ಹೇಳಿಕೊಡಬೇಕಾದ ರೀತಿಯಲ್ಲ. ಆದರೆ ಅಕ್ಕನಿಗೆ ವಯಸ್ಸಾದಂತೆ ಇಂಜಿನ್ನಿನ ವಾಸನೆಯೇ ಆಗಿಬರದಾಯಿತು. ಬಸ್ಸು ಚಾಲೂ ಆದರೆ ಸಾಕು, ಹೊಟ್ಟೆ ತೊಳಸುವುದು, ವಾಂತಿ. ಹನ್ನೊಂದು ವರ್ಷದ ಹಿಂದೆ ಕೊನೆಯ ಸಲ ಬಂದಾಗ ಪಂಚಮಿಯ ಮೂರೂ ದಿನ ಹಾಸಿಗೆ ಹಿಡಿದು ಮಲಗಿ, "ಇನ್ನ ನನ್ನ ಕರೀಬ್ಯಾಡೋ ತಮ್ಮಾ" ಎಂದು ಹೇಳಿ ಹೋದವಳು ಮತ್ತೆ ಬರಲಿಲ್ಲ. ಅಂದಿನಿಂದ ಕಾಕಾ ಒಬ್ಬರೇ ಉಂಡಿಯ ಡಬ್ಬಿ ಹಿಡಿದು ಹೋಗುವರು, ಖಾಲಿ ಡಬ್ಬಿ ಹಿಡಿದು ಬರುವರು. ಮನೆಯಲ್ಲಿ ಮಾಡಿದ ಉಂಡಿಯನ್ನು ತಾವು ಬಾಯಿಗೆ ಹಾಕುತ್ತಿರಲಿಲ್ಲ.

"ನಮ್ಮ ಬೇವಿನ ಗಿಡಕ್ಕ ಆಕಿ ಒಮ್ಮೆ ಜೋಕಾಲಿ ಆಡಬೇಕ್ರಿ ಮಾಸ್ತರ. ಅದಕ್ಕ ಈ ಗಾಡಿ. ನನಗೇನು ಇದರಾಗ ಮೆರೀಬೇಕಾಗಿಲ್ಲ."

ಎದುರಿಗೆ ಗಾಳಿ ಬೀಸುತ್ತಿತ್ತು. ಅವರ ಕಣ್ಣಲ್ಲಿ ನೀರು ಬಂದದ್ದು ಗಾಳಿಗೋ ಅಕ್ಕನಿಗೋ ನಾನು ಕೇಳಲಿಲ್ಲ.

ದೀಪಾವಳಿಯಿಂದ ಪಂಚಮಿಗೆ ಒಂಬತ್ತು ತಿಂಗಳು. ಒಂಬತ್ತು ತಿಂಗಳೂ ಕಾಕಾ ತಯಾರಿ ನಡೆಸಿದರು. ಕಾರು ಬಾಗಿಲು ತೆರೆದುಕೊಂಡು ಬಿಸಿಲಲ್ಲಿ ನಿಂತಿರುತ್ತಿತ್ತು, ಸೀಟಿನ ಮೇಲೆ ಬೇವಿನ ಸೊಪ್ಪು. ಓಣಿಯ ಕೋಳಿಗಳು ಒಳಗೆ ಹೊಕ್ಕು ಹೊರಗೆ ಬರುತ್ತಿದ್ದವು. ಕಂಪನಿಯವರು ಒಮ್ಮೆ ಚಾರ್ಜ್ ಮಾಡಿದರೆ ಮುನ್ನೂರು ಕಿಲೋಮೀಟರ್ ಎಂದಿದ್ದರು. "ಅದು ಅವರ ರಸ್ತೆದಾಗಿರಬೇಕು. ನಮ್ಮ ರಸ್ತೆ ಎಷ್ಟ ಕೊಡತೈತಿ ನೋಡೂಣು" ಎಂದು ಕಾಕಾ ನನ್ನಿಂದ ಶಾಲೆಯ ಸೀಮೆಸುಣ್ಣ ಇಸಿದುಕೊಂಡರು. ಸೊರಡಿಗೆ ಹೋಗಿ ಬಂದರೆ ಎಷ್ಟು ಪರ್ಸೆಂಟು, ಗುಡ್ಡಾಪುರಕ್ಕೆ ಎಷ್ಟು, ಜತ್ತಕ್ಕೆ ಎಷ್ಟು, ಏಸಿ ಹಚ್ಚಿದರೆ ಎಷ್ಟು, ಎದುರುಗಾಳಿಗೆ ಎಷ್ಟು, ಎಲ್ಲವನ್ನೂ ಕಂಪೌಂಡ್ ಗೋಡೆಯ ಒಳಬದಿಗೆ ಬರೆದರು. ಒಟ್ಟು ಲೆಕ್ಕ ಇನ್ನೂರರ ಆಸುಪಾಸಿಗೆ ಬಂದು ನಿಂತಿತು.

ಲಿಫ್ಟು ಕೇಳಿದವರಿಗೆ ಕಾಕಾ ಎಂದೂ ಇಲ್ಲ ಎನ್ನಲಿಲ್ಲ. ಆದರೆ ಹತ್ತಿಸಿಕೊಳ್ಳುವ ಮೊದಲು ಮೇಲಿಂದ ಕೆಳಗೆ ನೋಡಿ ಬೆಲೆ ಕಟ್ಟುವರು. "ಮಾಸ್ತರ, ಜತ್ತ ಮುಟ್ಟೂದರಾಗ ನೀವು ಅರ್ಧ ಪರ್ಸೆಂಟು. ದಾಳಿಂಬರಿ ಕ್ರೇಟು ಹೇರಿದರ ಒಂದೂವರಿ." ಓಣಿಯಲ್ಲಿ ಇದು ದೊಡ್ಡ ಚೇಷ್ಟೆಯಾಗಿಬಿಟ್ಟಿತು. ಎದುರುಮನೆಯ ದಪ್ಪ ಗೌಡ್ತಿ ಒಮ್ಮೆ ಸೊಂಟಕ್ಕೆ ಕೈಯಿಟ್ಟು, "ನಾ ಎಷ್ಟು ಪರ್ಸೆಂಟ್ರಿ ಕಾಕಾ, ಖರೇ ಹೇಳ್ರಿ" ಎಂದು ಕೇಳಿದರೆ, ಕಾಕಾ ಟೋಪಿ ತೆಗೆದು ತಲೆ ಕೆರೆದುಕೊಂಡು, "ನಿಮಗ ನಾ ಇಳಿಜಾರಿನಾಗ ಅಷ್ಟ ಲಿಫ್ಟ್ ಕೊಡ್ತೀನ್ರಿ ಗೌಡ್ತಿಯಾರ" ಎಂದರು.

ಒಂದೇ ಒಂದು ಸಲ ಲೆಕ್ಕ ತಪ್ಪಿತು. ಬೇಸಿಗೆಯ ಬಿರುಗಾಳಿಗೆ ಎದುರಾಗಿ ಬರುವಾಗ ಸೊರಡಿಯ ಆಚೆ ಕಾರು ಮೆಲ್ಲಗೆ ನಿಂತಿತು. ಕುರಿ ಮೇಯಿಸುತ್ತಿದ್ದ ಕುರುಬರು ನಾಲ್ಕು ಜನ ಬಂದು, ಹತ್ತಿರದ ಹೊಲದ ಮೋಟರಿನ ಖೋಲಿಯ ತನಕ ನೂಕಿದರು. ಒಳಗೆ ಕುಳಿತು ಸ್ಟಿಯರಿಂಗ್ ಹಿಡಿದದ್ದು ನಾನು, ಮೈಯೆಲ್ಲ ಬೆವರು. ಹೊರಗೆ ನೂಕುತ್ತಿದ್ದ ಕಾಕಾ ಮಾತ್ರ ಖುಷಿಯಲ್ಲಿದ್ದರು. ಅಲ್ಲಿಯ ಕರೆಂಟಿಗೆ ಕಾರು ಹಚ್ಚಿ, ಮೂರು ತಾಸು ಆ ಹೊಲದ ಬೇವಿನ ನೆರಳಲ್ಲಿ ಕುಳಿತು, ರೊಟ್ಟಿ ಮತ್ತು ಅಗಸೆ ರುಬ್ಬಿದ ಕರಿಂಡಿ ಚಟ್ನಿ ತಿಂದು, ಎರಡು ಮನೆಯವರಿಗೆ ಮದುವೆಯ ಮಾತು ಜೋಡಿಸಿ ಎದ್ದರು. "ಡೀಸಲ್ ಗಾಡಿ ಆಗಿದ್ದರ ಐದು ಮಿನಿಟಿನಾಗ ಎಣ್ಣಿ ಹಾಕ್ಕೊಂಡು ಹೋಗಿರ್ತಿದ್ವಿ. ಇಂಥ ಕರಿಂಡಿ ಎಲ್ಲಿ ಸಿಗ್ತಿತ್ರಿ?" ಎಂದರು. ನನಗೆ ಸಿಟ್ಟು ಬಂದಿತ್ತು. ಆದರೆ ಕರಿಂಡಿ ಮಾತ್ರ ಚೆನ್ನಾಗಿತ್ತು, ಸುಳ್ಳು ಯಾಕೆ ಹೇಳಲಿ.

ಅಕ್ಕನ ಊರು ನೂರಾ ಹದಿನೈದು ಕಿಲೋಮೀಟರ್. ಹೋಗಿ ಬರಲು ಇನ್ನೂರಾ ಮೂವತ್ತು, ಗಾಡಿ ಕೊಡುವುದು ಇನ್ನೂರು. ದಾರಿಯಲ್ಲೊಂದು ಚಾರ್ಜಿಂಗ್ ಸ್ಟೇಶನ್ ಇದೆಯೆಂದು ಮೊಬೈಲು ತೋರಿಸುತ್ತಿತ್ತು. ಕಾಕಾ ಎರಡು ಸಲ ಹೋಗಿ ನೋಡಿಬಂದರು. ಒಮ್ಮೆ ಅದು ಬಂದಾಗಿತ್ತು, ಇನ್ನೊಮ್ಮೆ ಅದರ ಮುಂದೆ ಯಾರದೋ ಕಬ್ಬಿನ ಟ್ರ್ಯಾಕ್ಟರು ನಿಂತಿತ್ತು. ಅಕ್ಕನ ಮನೆಯಲ್ಲಿಯೇ ಚಾರ್ಜಿಗೆ ಹಚ್ಚುವುದು ಒಳ್ಳೆಯದೆಂದು ಚೈತ್ರದಲ್ಲಿ ಬಸ್ಸಿಗೆ ಹೋಗಿ, ಸಾಕೆಟ್ಟು ಕೂರಿಸಿ, ಅಂಗಳದ ಮೂಲೆಯಲ್ಲಿ ಗುಂಡಿ ತೋಡಿ, ಇದ್ದಲು ಉಪ್ಪು ತುಂಬಿ, ಪೈಪು ನಿಲ್ಲಿಸಿ ಅರ್ಥಿಂಗ್ ಮಾಡಿ ಬಂದರು. ಅರ್ಥಿಂಗ್ ಸರಿಯಿಲ್ಲದಿದ್ದರೆ ಈ ಕಾರು ಚಾರ್ಜೇ ತೆಗೆದುಕೊಳ್ಳುವುದಿಲ್ಲ, ಕೆಂಪು ದೀಪ ಹಚ್ಚಿ ಸುಮ್ಮನೆ ಕೂರುತ್ತದೆ. ನೆಲ ಒಣಗಿದರೆ ಅರ್ಥಿಂಗ್ ಕೆಟ್ಟಂತೆ. ಅದಕ್ಕೆ ಅಕ್ಕನಿಗೆ ಕಟ್ಟಪ್ಪಣೆ ಮಾಡಿದ್ದರು: ಈ ಪೈಪಿಗೆ ದಿನಾ ಒಂದು ಕೊಡ ನೀರು, ಒಂದು ದಿನವೂ ತಪ್ಪಿಸಬಾರದು.

ನಾಗಚೌತಿಯ ಬೆಳಿಗ್ಗೆ ನಾನೂ ಕಾಕಾನೂ ಹೊರಟೆವು. ಹಿಂದಿನ ಸೀಟಿನಲ್ಲಿ ಉಂಡಿಯ ಡಬ್ಬಿ. ಹತ್ತು ಗಂಟೆಗೆ ಅಕ್ಕನ ಮನೆ ಮುಟ್ಟಿದಾಗ ಬ್ಯಾಟರಿ ಮೂವತ್ತೊಂಬತ್ತು ಪರ್ಸೆಂಟು. ಎಪ್ಪತ್ತಾದರೆ ಸಾಕು, ಮೂರು ತಾಸಿನ ಮಾತು. ಕಾಕಾ ಅಕ್ಕನ ಕಾಲಿಗೆ ನಮಸ್ಕಾರ ಮಾಡಿ, ಚಹಾ ಕೂಡ ಕುಡಿಯದೆ ಪ್ಲಗ್ಗು ಹಚ್ಚಿದರು.

ಕೆಂಪು ದೀಪ.

ತೆಗೆದು ಹಚ್ಚಿದರು. ಮತ್ತೆ ಕೆಂಪು. ಇಬ್ಬರೂ ಅಂಗಳದ ಮೂಲೆಗೆ ಓಡಿದೆವು. ಅಲ್ಲಿ ಕಂಡದ್ದನ್ನು ನಾನು ಬದುಕಿರುವ ತನಕ ಮರೆಯಲಾರೆ. ಪೈಪಿನ ಸುತ್ತ ಚಂದದ ಕಟ್ಟೆ, ಅದಕ್ಕೆ ಬಿಳಿ ಟೈಲ್ಸು. ಪೈಪಿನ ಬಾಯಿಗೆ ಸಿಮೆಂಟು ಮೆತ್ತಿ ಗುಂಡಗೆ ನುಣುಪು ಮಾಡಲಾಗಿತ್ತು. ಅದರ ಮೇಲೆ ಮೂರು ಬೆರಳಿನ ವಿಭೂತಿ, ಪತ್ರಿ, ದಾಸವಾಳದ ಹೂ, ಮುಂದೆ ಊದಿನಕಡ್ಡಿ.

"ಯಕ್ಕಾ, ಏನ ಮಾಡೀದಿ ಇದು?" ಎಂದರು ಕಾಕಾ.

"ಯಾಕೋ? ನೀನ ಹೇಳಿದ್ದಿಲ್ಲ? ದಿನಾ ನೀರ ಹಾಕು, ತಪ್ಪಸಬ್ಯಾಡ ಅಂತ? ಸುಮ್ನ ನೀರ ಹಾಕ ಅಂತ ಯಾರರ ಹೇಳ್ತಾರೇನು? ಉಪ್ಪು ಇಟ್ಟಿ, ಕೈ ಮುಗದು ಹೋದಿ. ಸ್ಥಾಪನಾ ಮಾಡ್ಯಾನ ನನ್ನ ತಮ್ಮ ಅಂತ ನಾ ಕಟ್ಟಿ ಕಟ್ಟಸೀನಿ."

"ಕೈ ಮುಗದಿದ್ದು ನಿನಗ ಯಕ್ಕಾ!"

ಆಕೆ ಒಂದು ದಿನವೂ ತಪ್ಪಿಸಿರಲಿಲ್ಲ. ಆದರೆ ದಿನದ ಕೊಡ ನೀರು ನುಣುಪು ನೆತ್ತಿಯಿಂದ ಜಾರಿ, ಟೈಲ್ಸಿನ ಮೇಲೆ ಹರಿದು, ಪಕ್ಕದ ತುಳಸಿಗೆ ಹೋಗುತ್ತಿತ್ತು. ತುಳಸಿ ನನ್ನ ಎದೆಯೆತ್ತರ ಬೆಳೆದಿತ್ತು. ಕೆಳಗೆ ಗುಂಡಿ ಮಾತ್ರ ಒಣಗಿ ಹೋಗಿತ್ತು.

ಬೇರೆ ಗುಂಡಿ ತೋಡೋಣ ಎಂದು ನಾನು ಅಂದದ್ದೇ ತಡ, ಅಕ್ಕ ನನ್ನ ಕಡೆ ತಿರುಗಿದಳು. "ನೀವು ಸಾಲಿ ಮಾಸ್ತರೋ ಏನ್ರಿ? ಚೌತಿ ಪಂಚಮಿಗೆ ಯಾರರ ನೆಲ ಅಗೀತಾರೇನು? ಒಳಗ ನಾಗಪ್ಪನ ಮರಿ ಇರ್ತಾವ." ಕಟ್ಟೆ ಒಡೆಯೋಣವೇ ಎಂದು ಕೇಳುವ ಧೈರ್ಯ ನನಗಿರಲಿಲ್ಲ. ಕಾಕಾ ಕೇಳಿದರು. ಅಕ್ಕ ಎರಡೂ ಕೈ ಚಾಚಿ ಕಟ್ಟೆಗೆ ಅಡ್ಡ ನಿಂತಳು. ಎಪ್ಪತ್ತೆರಡರ ಮುದುಕಿ, ಆಗಲೇ ಹೊಸ ಇಳಕಲ್ ಸೀರೆ ಉಟ್ಟು ತಯಾರಾಗಿದ್ದಳು, ಬಾಗಿಲಲ್ಲಿ ಆಕೆಯ ಚೀಲ ಕಟ್ಟಿಟ್ಟಿತ್ತು.

"ಪೂಜಾ ಮಾಡಿದ್ದನ್ನ ಒಡದು ತವರಿಗೆ ಬರಬೇಕೇನು? ಬಿಡೋ ತಮ್ಮಾ. ನನ್ನ ಹಣೇದಾಗ ಆ ಜೋಕಾಲಿ ಬರದಿಲ್ಲ. ಉಂಡಿ ಕೊಟ್ಟು ನೀ ಹೋಗು."

ಕಾಕಾ ಕಟ್ಟೆಯ ಮುಂದೆ ಕುಳಿತರು. ಹನ್ನೊಂದು ವರ್ಷ, ಜೊತೆಗೆ ಒಂಬತ್ತು ತಿಂಗಳು. ನನಗೆ ಅವರ ಮುಖ ನೋಡಲಾಗಲಿಲ್ಲ. ಆಮೇಲೆ ಅವರು ಕೈ ಎತ್ತಿ, ಹಿಂಬದಿಯಿಂದ, ಮೆಲ್ಲಗೆ ಆ ಪೈಪಿನ ನೆತ್ತಿಯನ್ನು ಮುಟ್ಟಿದರು.

"ಯಕ್ಕಾ, ಇವಗ ನೀರಡಿಕಿ ಆಗೇತಿ."

"ಹಾಂ?"

"ನಾಕು ತಿಂಗಳಾತು ನೀ ಕೊಡಗಟ್ಲೆ ನೀರ ಹಾಕ್ತೀದಿ. ಒಂದ ಹನಿನೂ ಹೊಟ್ಟಿಗೆ ಹೋಗಿಲ್ಲ. ಬಾಯಿ ಮುಚ್ಚೀದಿ ನೋಡು. ಹ್ಯಾಂಗ ಕುಡೀತಾನ?"

ಅಕ್ಕ ಬಗ್ಗಿ ನೋಡಿದಳು. ಸಿಮೆಂಟನ್ನು ಮುಟ್ಟಿ ನೋಡಿದಳು. ಎರಡೂ ಕೆನ್ನೆಗೆ ಹೊಡೆದುಕೊಂಡು, "ಅಯ್ಯ ಶಿವನ! ತಪ್ಪಾತೋ ನನ್ನಪ್ಪಾ!" ಎನ್ನುತ್ತ ಒಳಗೆ ಓಡಿ ಕಬ್ಬಿಣದ ಹಾರೆಗೋಲು ತಂದು ತಾನೇ ಆ ಸಿಮೆಂಟನ್ನು ಟಕಟಕ ಒಡೆದಳು. ಕಟ್ಟೆಗೆ ಒಂದು ಗೀರು ಬೀಳಲಿಲ್ಲ, ನೆಲವನ್ನು ಯಾರೂ ಅಗೆಯಲಿಲ್ಲ. ಕಾಕಾ ಮೊದಲು ಪ್ಲಗ್ಗು ತೆಗೆದು, ಮೇನ್ ಸ್ವಿಚ್ಚು ಇಳಿಸಿ, "ಈಗ ಹಾಕು" ಎಂದರು. ಮೊದಲ ಕೊಡ ಗಟಗಟ ಎಂದು ಒಳಗಿಳಿಯಿತು. ಎರಡನೆಯದು, ಐದನೆಯದು, ಎಲ್ಲ ಒಳಗೆ.

"ಎಷ್ಟು ನೀರಡಿಸಿದ್ದೋ ಎಪ್ಪಾ!" ಎಂದು ಅಕ್ಕ ಅತ್ತೇಬಿಟ್ಟಳು.

ನಳದ ಮುಂದೆ ನಿಂತಿದ್ದ ಓಣಿಯ ಹೆಂಗಸರು ಇದನ್ನು ಕಂಡು ಕೊಡಗಳ ಸಮೇತ ಒಳಗೆ ಬಂದರು. ದೇವರಿಗೆ ನೀರಡಿಕೆ ಎಂದ ಮೇಲೆ ಕೇಳಬೇಕೆ? ಸಾಲು ಹಚ್ಚಿದರು. ಯಾರೋ ಮರಾಠಿಯಲ್ಲಿ ಪಂಚಮಿಯ ಹಾಡು ಎತ್ತಿಕೊಂಡರು, ಅಕ್ಕ ಕನ್ನಡದಲ್ಲಿ ತನ್ನದೊಂದು ಸೇರಿಸಿದಳು. ಎಣಿಸುವ ಕೆಲಸ ನನ್ನದು, ಮಾಸ್ತರನಲ್ಲವೇ. ನಲವತ್ತು ಕೊಡಕ್ಕೆ ಕಾಕಾ ಎಲ್ಲರನ್ನೂ ದೂರ ಸರಿಸಿ ಪ್ಲಗ್ಗು ಹಚ್ಚಿ ನೋಡಿದರು. ಕೆಂಪು. ಮತ್ತೆ ತೆಗೆದರು, ಒಂದು ಚೀಲ ಉಪ್ಪು ಸುರಿದರು, ಮತ್ತೆ ಕೊಡಗಳು. ಐವತ್ತೇಳನೆಯ ಕೊಡದ ಮೇಲೆ ಹಚ್ಚಿದಾಗ ದೀಪ ಒಮ್ಮೆ ಮಿಣುಕಿ ಹಸಿರಾಯಿತು.

"ಪ್ರಸನ್ನ ಆದ!" ಎಂದು ಅಕ್ಕ ಕೂಗಿದಳು. ಕಾಕಾ, ಮೂವತ್ತು ವರ್ಷ ಅರ್ಥಿಂಗ್ ಗುಂಡಿ ತೋಡಿದ ವಾಯರಮನ್, ಈ ಸಲ ನಿಜವಾಗಿಯೂ ಆ ಪೈಪಿಗೆ ಕೈ ಮುಗಿದರು.

ಬ್ಯಾಟರಿ ಎಪ್ಪತ್ತೆರಡು ಪರ್ಸೆಂಟಾದ ಮೇಲೆ ಹೊರಟೆವು. ಅಕ್ಕ ಮುಂದಿನ ಸೀಟಿನಲ್ಲಿ, ಮೂಗಿಗೆ ಸೆರಗು, ಕೈಯಲ್ಲಿ ಲಿಂಬೆಹಣ್ಣು, ಕಣ್ಣು ಗಟ್ಟಿಯಾಗಿ ಮುಚ್ಚಿ. ಮಂಗಳವೇಢೆ ಬಂದಾಗ ಕಣ್ಣು ಮುಚ್ಚಿಯೇ ಬೇಸರದಿಂದ ಕೇಳಿದಳು.

"ಅಲ್ಲೋ ತಮ್ಮಾ, ಯಾವಾಗ ಚಾಲೂ ಮಾಡ್ತಿ? ಹೊಟ್ಟಿ ತೊಳಸೂದಿದ್ದರ ಲಗೂನ ತೊಳಸಲಿ."

ಕಾಕಾ ನಗು ತಡೆಯಲಾರದೆ ಗಾಡಿ ಬದಿಗೆ ನಿಲ್ಲಿಸಿದರು. "ಕಣ್ಣ ತಗೀ ಯಕ್ಕಾ. ಮಂಗಳವೇಢಾ ಬಂತು."

ಅಕ್ಕ ಒಂದು ಕಣ್ಣು ತೆರೆದಳು. ಆಮೇಲೆ ಇನ್ನೊಂದು. ಸೆರಗು ತೆಗೆದು ಮೂಗಿನ ತುಂಬ ಉಸಿರೆಳೆದಳು. "ಬೇವಿನ ವಾಸನಿ ಐತಲ್ಲೋ!" ಎಂದಳು. ಅಲ್ಲಿಂದ ಮುಂದೆ ಆಕೆಯ ಬಾಯಿ ನಿಲ್ಲಲಿಲ್ಲ. ಕಂಡ ಹೊಲ, ಕಂಡ ಕುರಿಹಿಂಡು, ಕಂಡ ಕಂಬ ಎಲ್ಲದರ ಲೆಕ್ಕ ಕೇಳಿದಳು. ಉಮದಿಯ ಹತ್ತಿರ ಅಂಕಿ ಹದಿನಾರಕ್ಕೆ ಇಳಿದು ನಾನು ಉಗುರು ಕಚ್ಚತೊಡಗಿದಾಗ, "ಏನದು ನಂಬರು?" ಎಂದು ಕೇಳಿ ತಿಳಿದುಕೊಂಡು, ಗುಡ್ಡಾಪುರದ ದಾನಮ್ಮ ದೇವಿಗೆ ದಾರಿಯಲ್ಲೇ ಕೈ ಮುಗಿದು ಹೋಗೋಣ ಎಂದಿದ್ದವಳು ತಾನೇ ಮಾತು ಬದಲಿಸಿದಳು. "ನಾಳೆ ಹೋಗೂಣು. ಆಕಿಗೂ ಗೊತ್ತಾಗತೈತಿ, ಬ್ಯಾಟ್ರಿ ಕಡಿಮಿ ಐತಿ ಅಂತ."

ಮನೆಯ ಮುಂದೆ ನಿಂತಾಗ ಒಂಬತ್ತು ಪರ್ಸೆಂಟು, ಇನ್ನೂ ಬೆಳಕಿತ್ತು. ಕಾಕಾ ಸುತ್ತಿ ಬಂದು ಬಾಗಿಲು ತೆರೆದು, ಕೈಯ ಹಿಂಬದಿಯಿಂದ ಅಕ್ಕನ ಕೆನ್ನೆ ಮುಟ್ಟಿದರು. ತಣ್ಣಗಿತ್ತು. ಮರುದಿನ ಬೇವಿನ ಮರದ ಜೋಕಾಲಿಯಲ್ಲಿ ಅಕ್ಕ ಎಲೆಗಳಿಗೆ ಕಾಲು ತಾಗುವ ತನಕ ಜೀಕಿದಳು. ನೂಕುತ್ತ ನಿಂತ ಕಾಕಾ ಒಂದರ ಹಿಂದೊಂದು ಐದು ಉಂಡಿ ತಿಂದರು. ಆ ಲಿಂಬೆಹಣ್ಣು ನಮ್ಮ ಮನೆಯ ಅವಲಕ್ಕಿಗೆ ಬಿತ್ತು.

ಈಗ ಅವರ ಪಕ್ಕದ ಗೋಡೆ ನನ್ನದಲ್ಲ. ಬೆಳಿಗ್ಗೆ "ವೋಲ್ಟೇಜ್ ಹ್ಯಾಂಗೈತ್ರಿ ಮಾಸ್ತರ?" ಎಂದು ಯಾರೂ ಗೋಡೆಯಾಚೆಯಿಂದ ಕೂಗುವುದಿಲ್ಲ. ಅದರ ಕೊರತೆ ನನಗೆ ಬಹಳ ಆಗುತ್ತದೆ. ಹೋದ ವಾರ ಅವರ ಫೋನು ಬಂತು.

"ಪಂಚಮಿ ಮುಗಿಸಿ ಅಕ್ಕ ನಿಮ್ಮ ಮನಿ ನೋಡಬೇಕಂತಾಳ್ರಿ. ನೂರಾ ಇಪ್ಪತ್ತು ಕಿಲೋಮೀಟರು. ಅರ್ಥಿಂಗ್ ಐತೇನು?"

"ಐತ್ರಿ ಕಾಕಾ. ದಿನಾ ಒಂದು ಕೊಡ ನೀರ ಹಾಕ್ತೀನಿ."

ಇವತ್ತು ಬೆಳಿಗ್ಗೆ ಕೊಡ ಹಿಡಿದು ಗೇಟಿನ ಹತ್ತಿರ ಹೋದರೆ, ಪೈಪಿನ ಮೈಮೇಲೆ ಮೂರು ಬೆರಳಿನ ವಿಭೂತಿ, ಪಕ್ಕದಲ್ಲೊಂದು ದಾಸವಾಳ. ನಾನು ಹೆಂಡತಿಯನ್ನು ಕೂಗಿ ಕರೆದೆ.

"ಅಕ್ಕಾರು ಬರ್ತಾರಲ್ರಿ, ಅದಕ್ಕ ಹಚ್ಚೀನಿ" ಎಂದಳು ಒಳಗಿನಿಂದಲೇ. "ಅಂಜಬ್ಯಾಡ್ರಿ, ಬಾಯಿ ಮುಚ್ಚಿಲ್ಲ."